ಆಡು ಕುಡಿಯದ ನೀರು

“ಗುರುಗಳೇ, ನೀವು ದಿನಾ ಬೆಳಿಗ್ಗೆ ಹೊಳೆಯಲ್ಲಿ ಮಿಂದು ಎದ್ದವರೇ ಪಡುವಣಕ್ಕೆ ಮುಖ ಮಾಡಿ ಕೈಮುಗಿಯುತ್ತೀರಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಹುಟ್ಟುತ್ತಾನೆ. ಆ ಕಡೆ ಗುಡಿಯೂ ಇಲ್ಲ, ಗದ್ದುಗೆಯೂ ಇಲ್ಲ. ಯಾರಿಗೆ ಕೈಮುಗಿಯುತ್ತೀರಿ?”

ಕೇಳಿದವನು ಮಠಕ್ಕೆ ಬಂದು ಮೂರು ವರ್ಷವಾಗಿದ್ದ ಶಿಷ್ಯ. ಹಿಂದಿನ ದಿನ ಮಠದಲ್ಲಿ ದೊಡ್ಡ ದಾಸೋಹ ನಡೆದಿತ್ತು. ಉಂಡ ಎಲೆಗಳನ್ನೂ ಉಳಿದ ಅನ್ನಸಾರನ್ನೂ ಬುಟ್ಟಿ ಬುಟ್ಟಿಯಾಗಿ ಹೊತ್ತು ಹೊಳೆಗೆ ಬಿಟ್ಟು, ಹಂಡೆಗಳನ್ನು ಅಲ್ಲೇ ಉಜ್ಜಿ ತೊಳೆದು, ಕೈ ಒರೆಸಿಕೊಳ್ಳುತ್ತ ಬಂದು ಅವನು ಗುರುಗಳ ಮುಂದೆ ಕೂತಿದ್ದ. ಈ ಪ್ರಶ್ನೆ ಬಹಳ ದಿನದಿಂದ ಅವನ ಮನಸ್ಸಿನಲ್ಲಿತ್ತು. ದರ್ಶನಕ್ಕೆ ಬಂದ ಭಕ್ತರು ಅವನನ್ನು ಇದನ್ನೇ ಕೇಳುತ್ತಿದ್ದರು. ಅವನು ಏನೋ ಒಂದು ಹೇಳಿ ನುಣುಚಿಕೊಳ್ಳುತ್ತಿದ್ದ.

ಗುರುಗಳು ಅಂದರು, “ಒಬ್ಬ ಕಟುಕನಿಗೆ.”

ಶಿಷ್ಯನ ಮುಖ ಸಪ್ಪಗಾಯಿತು. ಯಾವುದೋ ಸಿದ್ಧಪುರುಷನ ಹೆಸರು ಬರುತ್ತದೆಂದು ಅವನು ಕಾದಿದ್ದ.

“ಮುಖ ಹುಳ್ಳಗೆ ಮಾಡಿಕೊಳ್ಳಬೇಡ ತಮ್ಮಾ. ಕಟುಕ ಅನ್ನುವುದನ್ನು ನೀವೆಲ್ಲ ಬೈಗುಳ ಮಾಡಿಕೊಂಡಿದ್ದೀರಿ. ನನ್ನ ಕತೆಯಲ್ಲಿ ಅದು ಒಂದು ಕಸುಬಿನ ಹೆಸರು, ಕುಂಬಾರ ನೇಕಾರ ಅಂದ ಹಾಗೆ. ಕೇಳುವುದಾದರೆ ನೆಟ್ಟಗೆ ಕೂತು ಕೇಳು. ನಡುವೆ ಎದ್ದು ಹೋಗುವಂತಿಲ್ಲ. ಹಂಡೆ ತೊಳೆದಾಯಿತಲ್ಲ?”

“ತೊಳೆದಾಯಿತು ಗುರುಗಳೇ.”

“ಹಾಗಾದರೆ ಕೇಳು.” ಗುರುಗಳು ಹೇಳತೊಡಗಿದರು.

ಪಡುವಣದಿಂದ ಬರುವ ಈ ಹೊಳೆಯ ಮೇಲುಭಾಗದಲ್ಲಿ ಒಂದು ಪೇಟೆ ಇದೆ. ಪೇಟೆಯ ಕೊನೆಯ ಮನೆ ಹೊಳೆಯ ದಂಡೆಯಲ್ಲೇ ಇತ್ತು. ಅದು ಒಬ್ಬ ಕಟುಕನ ಮನೆ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು, ಅಜ್ಜನೂ ಅದೇ ಕೆಲಸ ಮಾಡಿದವನು.

ಆ ಮನೆಯಲ್ಲಿ ಒಂದು ನೇಮ ಇತ್ತು. ಆಡನ್ನಾಗಲಿ ಕುರಿಯನ್ನಾಗಲಿ ಕೊಯ್ಯುವ ಮೊದಲು ಅದಕ್ಕೆ ಹೊಳೆಯ ನೀರು ಕುಡಿಸಬೇಕು. ಪಾತ್ರೆಯಲ್ಲಿ ಇಡುವಂತಿಲ್ಲ. ಕೊಯ್ಯುವವನೇ ಬೊಗಸೆಯಲ್ಲಿ ಹಿಡಿಯಬೇಕು. ಪ್ರಾಣಿ ತಾನಾಗಿ ಬಾಯಿಟ್ಟು ಕುಡಿಯಬೇಕು. ಬಾಯಿ ಬಿಡಿಸಿ ಹೊಯ್ಯುವಂತಿಲ್ಲ. ಅದು ಕುಡಿಯುವಾಗ ಅವನು ಒಂದು ಮಾತು ಹೇಳಬೇಕು: “ಕುಡಿಯವ್ವಾ, ನಿನ್ನಿಂದ ನನ್ನ ಮನಿ ಒಲಿ ಉರಿತೈತಿ.” ಹೆಣ್ಣಾಗಲಿ ಗಂಡಾಗಲಿ, ಎಲ್ಲಕ್ಕೂ ಅವ್ವಾ ಎಂದೇ ಹೇಳುವುದು. ಕುಡಿಯದ ಪ್ರಾಣಿಯನ್ನು ಆ ಮನೆಯಲ್ಲಿ ಯಾರೂ ಕೊಯ್ದದ್ದಿಲ್ಲ. ಗಿರಾಕಿಗಳು ಬಾಗಿಲಲ್ಲಿ ನಿಂತು ಗೊಣಗಲಿ, ಅದಕ್ಕೆ ಬಾಯಾರಿಕೆ ಆಗುವವರೆಗೆ ಕಾಯುತ್ತಿದ್ದರು.

ಇದೆಂಥ ನೇಮ ಅಂತ ನಿನಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ತಾನು ಯಾರಿಂದ ಉಣ್ಣುತ್ತಿದ್ದೇನೆ ಅಂತ ದಿನಕ್ಕೊಮ್ಮೆಯಾದರೂ ಬಾಯಿಬಿಟ್ಟು ಹೇಳುವ ಮನೆಗಳು ಎಷ್ಟಿವೆ? ನಾವೂ ಊಟಕ್ಕೆ ಮೊದಲು ಮಂತ್ರ ಹೇಳುತ್ತೇವೆ. ಹೇಳುವಾಗ ನಿನ್ನ ಕಣ್ಣು ಪಾಯಸದ ಮೇಲಿರುವುದನ್ನು ನಾನು ನೋಡಿದ್ದೇನೆ.

ಅಜ್ಜನ ಕಾಲದಲ್ಲಿ ದಿನಕ್ಕೆ ಒಂದು ಪ್ರಾಣಿ, ಹೆಚ್ಚೆಂದರೆ ಎರಡು. ಹಿತ್ತಲಲ್ಲಿ ಒಂದು ಗುಂಡಿ ಇತ್ತು. ರಕ್ತ, ಹೊಟ್ಟೆಯೊಳಗಿನ ಸಗಣಿ, ಮಾರಲಾಗದ ಕರುಳು, ಎಲ್ಲವೂ ಆ ಗುಂಡಿಗೆ. ಮೇಲೆ ಒಲೆಯ ಬೂದಿ, ಅದರ ಮೇಲೆ ತರಗು, ಅದರ ಮೇಲೆ ಮಣ್ಣು. ಒಂದು ವರ್ಷ ಕಳೆದರೆ ಅದು ಕರಿಯ ಗೊಬ್ಬರ. ಕೆಳಗಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದು ಅದನ್ನು ತುಂಬಿಕೊಂಡು ಹೋಗುತ್ತಿದ್ದರು.

ಆ ಹಳ್ಳಿ ಪೇಟೆಯಿಂದ ಅರ್ಧ ಹರದಾರಿ ಕೆಳಗೆ ಇತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿ ಉಸುಕು ಬಿಟ್ಟಾಗ ಅಲ್ಲಿಯವರು ಉಸುಕಿನಲ್ಲಿ ಕುಣಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಬೀಜ ಹಾಕುತ್ತಿದ್ದರು. ಬಳ್ಳಿಗೂ ಹೊಳೆಯ ನೀರೇ, ಕುಡಿಯುವುದಕ್ಕೂ ಹೊಳೆಯ ನೀರೇ.

ಅವರಲ್ಲೂ ಒಂದು ಪದ್ಧತಿ ಇತ್ತು. ಮೊದಲು ಬಲಿತ ಹಣ್ಣನ್ನು ಅವರು ಮನೆಗೆ ಒಯ್ಯುತ್ತಿರಲಿಲ್ಲ. ಒಂದು ಬುಟ್ಟಿಯಲ್ಲಿ ತುಂಬಿ ಮೇಲಿನ ಮನೆಗೆ ಕೊಡುತ್ತಿದ್ದರು. ಮೇಲಿನ ಮನೆ ಅಂದರೆ ಹೊಳೆಯ ನೀರನ್ನು ತಮಗಿಂತ ಮೊದಲು ಮುಟ್ಟುವವರ ಮನೆ. “ನೀವು ಕುಡದು ನಮಗೂ ಉಳಿಸೀರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ” ಎಂದು ಹೇಳಿ ಬುಟ್ಟಿ ಇಳಿಸುವುದು. ಆಮೇಲೆ ಆ ಮನೆಯ ಮುಂದೆ ಹೊಳೆಗಿಳಿಯುವ ಮೆಟ್ಟಿಲಲ್ಲೇ ಒಂದು ಬೊಗಸೆ ನೀರು ಕುಡಿದು ಹಿಂದಿರುಗುವುದು. ಮೇಲಿನ ಮನೆ ಯಾವುದು? ಪೇಟೆಯ ಕೊನೆಯ ಮನೆ. ಕಟುಕನ ಮನೆ. ಅವನು ಯಾವ ಜಾತಿ, ಏನು ಕೆಲಸ ಅಂತ ಆ ಹಳ್ಳಿಯವರು ಯಾವತ್ತೂ ಕೇಳಲಿಲ್ಲ. ಹೊಳೆ ಅವನ ಮನೆ ಮುಂದಿನಿಂದ ಬರುತ್ತದೆ, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಪೇಟೆ ಬೆಳೆಯಿತು. ದಿನಕ್ಕೆ ಎರಡು ಇದ್ದದ್ದು ಹತ್ತಾಯಿತು. ಭಾನುವಾರ ಮೂವತ್ತಾಯಿತು. ಗುಂಡಿ ತುಂಬಿತು. ಇನ್ನೊಂದು ತೋಡಲು ಕಟುಕನಿಗೆ ಬಿಡುವಿರಲಿಲ್ಲ. ಅವನು ಅಂಗಳಕ್ಕೆಲ್ಲ ಚಪ್ಪಡಿ ಹಾಸಿಸಿದ. ಚಪ್ಪಡಿಯ ಅಂಚಿನಿಂದ ಹೊಳೆಯವರೆಗೆ ಒಂದು ಕಾಲುವೆ ಕೊರೆಸಿದ. ನಾಲ್ಕು ಕೊಡ ನೀರು ಹೊಯ್ದರೆ ಮುಗಿಯಿತು. ರಕ್ತ, ಸಗಣಿ, ಕೊಬ್ಬು, ಕರುಳು, ಎಲ್ಲ ಹೊಳೆಗೆ. ಅವನ ನೆಲದಲ್ಲಿ ಒಂದು ನೊಣವೂ ಕೂರುತ್ತಿರಲಿಲ್ಲ. ಗಿರಾಕಿಗಳು ಹೊಗಳಿದರು. ಪೇಟೆಯ ಹಿರಿಯರೂ ಬಂದು ನೋಡಿ, ಅಂಗಡಿ ಇಟ್ಟರೆ ಹೀಗೆ ಇಡಬೇಕು ಎಂದು ಹೇಳಿ ಹೋದರು. ಅವನು ಉಬ್ಬಿದ. ತನ್ನ ನೆಲ ಚೊಕ್ಕವಾಗಿದೆ ಎಂದು ಅವನು ನೆಲವನ್ನೇ ನೋಡುತ್ತಿದ್ದ. ಕಾಲುವೆಯ ಆ ತುದಿಗೆ ಅವನು ಹೋಗಿ ನೋಡಲಿಲ್ಲ.

ಮಳೆಗಾಲದಲ್ಲಿ ಹೊಳೆ ಎಲ್ಲವನ್ನೂ ಹೊತ್ತುಕೊಂಡು ಹೋಯಿತು. ಚಳಿಗಾಲದಲ್ಲೂ ಹೇಗೋ ಹೋಯಿತು. ಹೀಗೆ ಕೆಲವು ವರ್ಷ ನಡೆಯಿತು. ಒಂದು ವರ್ಷ ಬೇಸಿಗೆ ಜೋರಾಯಿತು. ಹೊಳೆ ಹರಿಯುವುದನ್ನು ನಿಲ್ಲಿಸಿತು ಅನ್ನುವಷ್ಟು ಕಡಿಮೆಯಾಯಿತು. ಕಟುಕನ ಮೆಟ್ಟಿಲ ಮುಂದೆ ನೀರು ಮಡುವಾಗಿ ನಿಂತು, ಅಲ್ಲಿಂದ ಸಣ್ಣ ಎಳೆಯಾಗಿ ಕೆಳಗೆ ಹೋಗುತ್ತಿತ್ತು. ಕಾಲುವೆಯಿಂದ ಬಂದದ್ದು ಮಡುವಿನಲ್ಲೇ ಉಳಿಯಿತು. ನೀರು ಮೊದಲು ಹಸಿರಾಯಿತು, ಆಮೇಲೆ ಕಪ್ಪಾಯಿತು. ಅಂಚಿನಲ್ಲಿ ಕೊಬ್ಬಿನ ಕೆನೆ ಕಟ್ಟಿತು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದವು. ಕೆಲವು ದಿನಗಳಲ್ಲಿ ಅವು ಹೊಟ್ಟೆ ಮೇಲಾಗಿ ತೇಲಿದವು.

ಕಟುಕನಿಗೆ ನಾತ ಬರಲಿಲ್ಲವೇ ಅಂತ ಕೇಳಬೇಡ. ಮೂಗು ಬಹಳ ಬೇಗ ರೂಢಿಗೆ ಬೀಳುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ನಿನಗೆ ನಾತ ಬರುತ್ತದೆಯೇ? ಬಂದ ಮೊದಲ ವಾರ ನೀನು ಮೂಗಿಗೆ ಪಂಚೆ ಹಿಡಿದು ಓಡಾಡಿದ್ದೆ.

ಒಂದು ಬೆಳಿಗ್ಗೆ ಕಟುಕ ಎಂದಿನ ಹಾಗೆ ಮೆಟ್ಟಿಲಿಳಿದು ಬೊಗಸೆ ತುಂಬಿ ತಂದು ಒಂದು ಆಡಿನ ಮುಂದೆ ಹಿಡಿದ. ಆಡು ಮೂಸಿತು. ಮುಖ ತಿರುಗಿಸಿತು. ಅವನು ಕಾದ. ಮತ್ತೆ ಹಿಡಿದ. ಅದು ಎರಡು ಹೆಜ್ಜೆ ಹಿಂದೆ ಸರಿಯಿತು. ಅವನು ಇನ್ನೊಂದು ಆಡನ್ನು ತಂದ. ಅದೂ ಹಾಗೇ ಮಾಡಿತು. ಅವತ್ತು ಹೊತ್ತು ಏರುವವರೆಗೂ ಒಂದೂ ಕುಡಿಯಲಿಲ್ಲ. ಗಿರಾಕಿಗಳು ಬೈದುಕೊಂಡು ಹೋದರು. ನೇಮ ಬಿಟ್ಟು ಕೊಯ್ಯಲು ಅವನಿಗೆ ಮನಸ್ಸು ಬರಲಿಲ್ಲ.

ಮಾರನೆಯ ದಿನ ಅವನು ಒಂದು ಕೊಡ ತೆಗೆದುಕೊಂಡು ಹೊಳೆಯ ಮೇಲಕ್ಕೆ ನಡೆದ. ತಿರುವು ದಾಟಿ, ಬಂಡೆಗಳ ನಡುವೆ ತಿಳಿನೀರು ಸಿಗುವ ಜಾಗಕ್ಕೆ ಹೋದ. ಕೊಡ ತುಂಬಿಕೊಂಡು ಬಂದ. ಅದರಿಂದ ಬೊಗಸೆ ತುಂಬಿ ಹಿಡಿದಾಗ ಆಡು ಒಂದೇ ಉಸಿರಿಗೆ ಕುಡಿಯಿತು. “ಕುಡಿಯವ್ವಾ” ಎಂದು ಅವನು ಹೇಳಬೇಕಾದ್ದನ್ನು ಹೇಳಿದ. ಕೊಯ್ದ. ನಾಲ್ಕು ಕೊಡ ನೀರು ಹೊಯ್ದು ನೆಲ ತೊಳೆದ. ಅದು ಕಾಲುವೆಯಲ್ಲಿ ಹರಿದು ಮಡುವಿಗೆ ಹೋಯಿತು. ಅಂದಿನಿಂದ ಅವನು ದಿನಾ ಬೆಳಿಗ್ಗೆ ಕೊಡ ಹೊತ್ತು ತಿರುವಿನ ಆಚೆಗೆ ಹೋಗಿ ಬರತೊಡಗಿದ. ಇಷ್ಟು ಕಷ್ಟಪಟ್ಟು ನೇಮ ಉಳಿಸಿಕೊಂಡೆ ಎಂದು ಅವನಿಗೆ ಸಂತೋಷವಾಯಿತು.

ಇದು ನೇಮ ಇಲ್ಲದವನು ಮಾಡುವ ತಪ್ಪಲ್ಲ ತಮ್ಮಾ. ನೇಮ ಇಲ್ಲದವನು ಕುಡಿಯದ ಆಡನ್ನೂ ಕೊಯ್ದು ಮುಗಿಸುತ್ತಿದ್ದ. ಇದು ನೇಮ ಇದ್ದವನೇ ಮಾಡುವ ತಪ್ಪು. ಆಡಿಗೆ ಒಳ್ಳೆಯ ನೀರು ಬೇಕು ಎಂದು ಅವನಿಗೆ ಹೊಳೆಯಿತು. ಆಡು ಬೇಡವೆಂದ ನೀರು ಯಾರ ಮನೆಗೆ ಹೋಗುತ್ತಿದೆ ಎಂದು ಹೊಳೆಯಲಿಲ್ಲ.

ಒಂದು ತಿಂಗಳು ಹೀಗೆ ಕಳೆಯಿತು. ಕಲ್ಲಂಗಡಿ ಬರುವ ಹೊತ್ತಾಯಿತು. ಒಂದು ದಿನ ಬೆಳಿಗ್ಗೆ, ಅವನು ಕೊಡ ಇಳಿಸಿ ಆಡಿನ ಹಗ್ಗ ಬಿಚ್ಚುತ್ತಿರುವಾಗ, ಕೆಳಗಿನ ಹಳ್ಳಿಯ ಮುದುಕಿಯೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ಪ್ರತಿ ವರ್ಷ ಬರುವವಳು ಅವಳೇ. ಬುಟ್ಟಿ ಇಳಿಸಿದಳು. ಅದರಲ್ಲಿ ಮೂರೇ ಹಣ್ಣು ಇದ್ದವು. ಮೂರೂ ತೆಂಗಿನಕಾಯಿಗಿಂತ ದೊಡ್ಡವಲ್ಲ.

“ನೀವು ಕುಡದು ನಮಗೂ ಉಳಿಸೀರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ” ಎಂದು ಮುದುಕಿ ಎಂದಿನ ಮಾತು ಹೇಳಿದಳು. ಆಮೇಲೆ ನಾಚಿಕೆಯಿಂದ, “ಈ ಸಲ ಇಷ್ಟ ನೋಡಪ್ಪಾ. ಬಳ್ಳಿ ಬುಡಕ್ಕ ಕೊಳತು ಹೋದ್ವು. ಮೊಮ್ಮಗಳು ಎಂಟು ದಿನದಿಂದ ಹಾಸಿಗಿ ಹಿಡದೈತಿ, ಹೊಟ್ಟಿ ನಿಲ್ಲವಲ್ದು. ಬಿಸಲು ಭಾಳ ಆತು. ಏನರ ಆಗ್ಲಿ, ಹೊಳ್ಯಾಗ ಇಷ್ಟರ ನೀರು ಬಂತಲ್ಲ, ಅದ ದೊಡ್ಡದು” ಅಂದಳು.

ಹೇಳಿ ಮೆಟ್ಟಿಲಿಳಿದಳು. ಪದ್ಧತಿಯಂತೆ ಒಂದು ಬೊಗಸೆ ನೀರು ಕುಡಿದು ಹೋಗಬೇಕಲ್ಲ. ಬಗ್ಗಿ, ಕೈಯಿಂದ ಕೆನೆ ಸರಿಸಿ, ಬೊಗಸೆ ತುಂಬಿದಳು.

ಕಟುಕ ಕೂಗಿದ, “ಕುಡೀಬ್ಯಾಡ ಯವ್ವಾ! ಆ ನೀರು ಆಡೂ ಮುಟ್ಟೂದಿಲ್ಲ!”

ಮುದುಕಿ ತಲೆ ಎತ್ತಿ ಅವನನ್ನು ನೋಡಿದಳು. ಅವನ ಪಕ್ಕದಲ್ಲಿದ್ದ ಕೊಡವನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ಆಡಿಗೆ ನೀನು ಬ್ಯಾರೆ ನೀರು ತರತೀಯಪ್ಪಾ. ಕೆಳಗ ನಮಗ ತರೋರು ಯಾರು? ನಾವು ದಿನಾ ಕುಡಿಯೂದು ಇದನ್ನ.”

ಹೇಳಿ, ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಖಾಲಿ ಬುಟ್ಟಿ ತೆಗೆದುಕೊಂಡು ಬಂದ ದಾರಿಯಲ್ಲಿ ಹಿಂದಿರುಗಿದಳು.

ಕಟುಕ ಆಡಿನ ಹಗ್ಗ ಹಿಡಿದುಕೊಂಡು ನಿಂತೇ ಇದ್ದ. ತನ್ನ ನೀರನ್ನು ಕುಡಿದವರನ್ನು ತಾನು ಏನು ಮಾಡುತ್ತೇನೆ ಅನ್ನುವುದು ಅವನಿಗೆ ಗೊತ್ತಿತ್ತು. ಅಜ್ಜನ ಕಾಲದಿಂದ ಆ ಮನೆಯಲ್ಲಿ ನೀರು ಕುಡಿಸುವುದು ಅದಕ್ಕಾಗಿಯೇ. ಕುಡಿಯದ ಆಡುಗಳನ್ನು ಅವನು ಬಿಟ್ಟಿದ್ದ. ಒಂದು ಹಳ್ಳಿಗೆ ಹಳ್ಳಿಯೇ ಕೆಳಗೆ ಕೂತು ಕುಡಿಯುತ್ತಿತ್ತು. ಅಲ್ಲಿ ಒಂದು ಮಗು ಎಂಟು ದಿನದಿಂದ ಮಲಗಿತ್ತು. ಅವನು ಚಪ್ಪಡಿಯ ಮೇಲೆ ಕುಸಿದು ಕೂತ.

ಆಮೇಲೆ ಎದ್ದ. ಆಡನ್ನು ಗೂಟಕ್ಕೆ ಕಟ್ಟಿದ. ಕಲ್ಲು ಮಣ್ಣು ತಂದು ಕಾಲುವೆಯ ಬಾಯಿ ಮುಚ್ಚಿದ. ಕೊಡದ ನೀರನ್ನು ಹೆಂಡತಿಯಿಂದ ಕಾಯಿಸಿ, ಆರಿಸಿ, ಚಿಟಿಕೆ ಉಪ್ಪು ಬೆಲ್ಲ ಹಾಕಿಸಿ, ಮತ್ತೆ ಕೊಡಕ್ಕೆ ತುಂಬಿ ಹೆಗಲ ಮೇಲೆ ಹೊತ್ತು ಆ ಹಳ್ಳಿಗೆ ನಡೆದ.

ಮುದುಕಿಯ ಮನೆಯಲ್ಲಿ ಐದು ವರ್ಷದ ಹುಡುಗಿ ಚಾಪೆಯ ಮೇಲೆ ಮಲಗಿತ್ತು. ಕಣ್ಣು ಒಳಗೆ ಹೋಗಿದ್ದವು. ತುಟಿ ಒಣಗಿ ಸೀಳಿದ್ದವು. ತಂದವನೇ ಕುಡಿಸಲಿ ಎಂದು ಮುದುಕಿ ಪಕ್ಕಕ್ಕೆ ಸರಿದಳು. ಕಟುಕ ಬೊಗಸೆ ಒಡ್ಡಿದ. ಆ ಕೈಯನ್ನು ನೋಡಿದ ಕೂಡಲೇ ಹಿಂದಕ್ಕೆ ಎಳೆದುಕೊಂಡ.

“ನನ್ನ ಕೈಯಿಂದ ಬ್ಯಾಡ ಯವ್ವಾ. ನೀನ ಕುಡಸು.”

ಮುದುಕಿ ಕುಡಿಸಿದಳು. ಅವನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ. ಆವತ್ತಿನಿಂದ ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಹೊತ್ತ. ನಾಲ್ಕನೆಯ ದಿನ ಮಗು ಎದ್ದು ಕೂತಿತು. ಆರನೆಯ ದಿನ ಹಸಿವು ಅಂದಿತು. ಆ ಮಾತು ಕೇಳಿ ಅವನು ಯಾವ ದೇವರಿಗೆ ಕೈಮುಗಿದನೋ ನನಗೆ ಗೊತ್ತಿಲ್ಲ. ಮುಗಿದದ್ದಂತೂ ನಿಜ.

ಪೇಟೆಯಲ್ಲಿ ಮಾಂಸ ಇಲ್ಲದೆ ಗದ್ದಲವಾಯಿತು. ಹಬ್ಬ ಹತ್ತಿರ ಬಂದಿತ್ತು. ಗಿರಾಕಿಗಳು ಬಾಗಿಲು ಬಡಿದರು. ಗುಂಡಿ ಆಗುವವರೆಗೆ ಕೊಯ್ಯುವುದಿಲ್ಲ ಎಂದು ಅವನು ಹೇಳಿದ. ಇಷ್ಟು ದೊಡ್ಡ ಹೊಳೆಗೆ ನಿನ್ನ ನಾಲ್ಕು ಆಡಿನ ರಕ್ತ ಯಾವ ಲೆಕ್ಕ ಎಂದು ನಕ್ಕರು. ನಕ್ಕವರೆಲ್ಲ ಮೇಲಿನ ನೀರು ಕುಡಿಯುವವರು. ಅವನೂ ಹೆಂಡತಿಯೂ ಸೇರಿ ಆ ಬಿಸಿಲಿನಲ್ಲಿ ಹಿತ್ತಲಿನ ಗಟ್ಟಿ ನೆಲ ಅಗೆದರು. ಮೂರು ಗುಂಡಿ ತೋಡಿದರು. ಅಂಗೈ ಬೊಬ್ಬೆ ಎದ್ದಿತು. ಮತ್ತೆ ಬೂದಿ, ತರಗು, ಮಣ್ಣು. ಗುಂಡಿಗೆ ಹಿಡಿಸುವಷ್ಟು ಮಾತ್ರ ಕೊಯ್ಯುವುದು ಎಂದು ನಿಂತ. ಭಾನುವಾರ ಮೂವತ್ತು ಇದ್ದದ್ದು ಹತ್ತಕ್ಕೆ ಇಳಿಯಿತು. ಬಹಳ ಜನ ಬೇರೆ ಅಂಗಡಿ ನೋಡಿಕೊಂಡರು. ಚೊಕ್ಕ ನೆಲವನ್ನು ಹೊಗಳಿದ್ದ ಹಿರಿಯರು ಈಗ ಅವನ ಹಿತ್ತಲನ್ನು ನೋಡಿ ಮೂಗು ಮುರಿದರು.

ಮಳೆ ಬಂತು. ಮಡು ತೊಳೆದುಹೋಯಿತು. ಕಪ್ಪು ನೀರು ಎಲ್ಲಿತ್ತೆಂದು ಹುಡುಕಿದರೂ ಸಿಗದ ಹಾಗಾಯಿತು. ನಿಜವಾದ ಕಷ್ಟ ಶುರುವಾದದ್ದು ಆಗ. ಗುಂಡಿಗಳಲ್ಲಿ ನೀರು ನಿಂತಿತು. ಮುಚ್ಚಲು ಒಣ ಮಣ್ಣು ಸಿಗಲಿಲ್ಲ. ಎದುರಿಗೆ ಹೊಳೆ ಎರಡೂ ದಡ ತುಂಬಿ ಓಡುತ್ತಿತ್ತು. ಕಾಲುವೆಯ ಬಾಯಿಂದ ನಾಲ್ಕು ಕಲ್ಲು ಕಿತ್ತರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಯಾರಿಗೂ ಬಹುಶಃ ತೊಂದರೆಯೂ ಆಗುತ್ತಿರಲಿಲ್ಲ. ಹೆಂಡತಿಯೇ ಹಾಗೆ ಅಂದಳು. ಅವನು ಕೀಳಲಿಲ್ಲ. ಗುಂಡಿಗಳ ಸುತ್ತ ಏರಿ ಕಟ್ಟಿದ. ಮೇಲೆ ಗರಿಯ ಚಪ್ಪರ ಹಾಕಿದ. ಊರ ಒಲೆಗಳಿಂದ ಬೂದಿ ಬೇಡಿ ಬುಟ್ಟಿಯಲ್ಲಿ ಹೊತ್ತು ತಂದ. ನಾಲ್ಕು ಕಲ್ಲು ಕಿತ್ತವನು ಬೇಸಿಗೆಗೆ ಅವನ್ನು ಮತ್ತೆ ಇಡುವುದಿಲ್ಲ ಎಂದು ಅವನಿಗೆ ತನ್ನ ಬಗ್ಗೆ ಚೆನ್ನಾಗಿ ಗೊತ್ತಿತ್ತು.

ಚಳಿಗಾಲ ಕಳೆಯಿತು. ಬಿತ್ತುವ ಹೊತ್ತಿಗೆ ಮೊದಲ ಗುಂಡಿಯನ್ನು ತೆರೆದ. ಕರಿಯ ಗೊಬ್ಬರ. ಗಾಡಿಗೆ ತುಂಬಿಸಿ ತಾನೇ ಕೆಳಗಿನ ಹಳ್ಳಿಗೆ ಹೊಡೆದುಕೊಂಡು ಹೋಗಿ ಕಲ್ಲಂಗಡಿಯ ಕುಣಿಗಳ ಪಕ್ಕದಲ್ಲಿ ಸುರಿದು ಬಂದ. ಅದೇ ರಕ್ತ, ಅದೇ ಸಗಣಿ. ಹೋದ ವರ್ಷ ಹೊಳೆಯಲ್ಲಿ ಹೋದಾಗ ರೋಗವಾಗಿತ್ತು. ಈ ವರ್ಷ ಗಾಡಿಯಲ್ಲಿ ಹೋಗಿ ಗೊಬ್ಬರವಾಯಿತು.

ಬೇಸಿಗೆ ಬಂತು. ಹೊಳೆ ಸೊರಗಿತು. ಮೆಟ್ಟಿಲ ಮುಂದೆ ಮಡು ನಿಂತಿತು. ಒಂದು ಬೆಳಿಗ್ಗೆ ಅವನು ಕೊಡ ಹೊರಲಿಲ್ಲ. ಮೆಟ್ಟಿಲಿಳಿದು ಮಡುವಿನಿಂದಲೇ ಬೊಗಸೆ ತುಂಬಿದ. ಆಡಿನ ಮುಂದೆ ಹಿಡಿದ. ಆಡು ಮೂಸಿತು. ಬಾಯಿಟ್ಟಿತು. ಕುಡಿದು ಮುಗಿಸಿ ಅವನ ಅಂಗೈ ನೆಕ್ಕಿತು. ಅವನು ಆವತ್ತು ಆ ಆಡನ್ನು ಕೊಯ್ಯಲಿಲ್ಲ. ಅದು ಆ ಮನೆಯಲ್ಲೇ ಮುದಿಯಾಗಿ ಸತ್ತಿತು ಅಂತ ಹೇಳುತ್ತಾರೆ.

ಕೆಲವು ದಿನದ ಮೇಲೆ ಮುದುಕಿ ಬಂದಳು. ಬುಟ್ಟಿ ತುಂಬ ಹಣ್ಣು. ಜೊತೆಯಲ್ಲಿ ಮೊಮ್ಮಗಳು, ಅವಳ ತಲೆಯ ಮೇಲೂ ಒಂದು ಹಣ್ಣು. ಮುದುಕಿ ಬುಟ್ಟಿ ಇಳಿಸಿ ಎಂದಿನ ಮಾತು ಹೇಳಲು ಬಾಯಿ ತೆರೆದಳು. ಕಟುಕ ಅವಳನ್ನು ತಡೆದ.

“ಯವ್ವಾ, ಹೋದ ವರ್ಷ ನಿಮ್ಮ ಬಳ್ಳಿ ಕೊಳತದ್ದು, ಕೂಸು ಮಲಗಿದ್ದು ಬಿಸಲಿಗಲ್ಲ. ನನ್ನ ಕಾಲುವಿಯಿಂದ. ಆ ಮಾತು ನನಗ ಹೇಳಬ್ಯಾಡ.”

“ನೀನು ಕೊಡ ಹೊತ್ತು ಬಂದ ದಿನಾನ ನನಗ ತಿಳೀತು,” ಅಂದಳು ಮುದುಕಿ. “ಇಷ್ಟು ವರ್ಷ ಈ ಬುಟ್ಟಿ ಮ್ಯಾಲಿನ ಮನಿಗೆ ಅಂತ ತರತಿದ್ದೆ. ಈ ವರ್ಷ ನಿನಗಂತ ತಂದೀನಿ. ತಗೋ.”

ಅವನು ಎರಡೂ ಕೈ ಒಡ್ಡಿ ಬುಟ್ಟಿ ತೆಗೆದುಕೊಂಡ. ಅಷ್ಟರಲ್ಲಿ ಹುಡುಗಿ ನೀರು ಬೇಕು ಅಂತ ರಚ್ಚೆ ಹಿಡಿಯಿತು. ಅರ್ಧ ಹರದಾರಿ ಬಿಸಿಲಲ್ಲಿ ನಡೆದು ಬಂದ ಮಗು. ಮುದುಕಿ ಅಲ್ಲಾಡಲಿಲ್ಲ. ಕಟುಕನನ್ನೇ ನೋಡುತ್ತ ನಿಂತಳು. ಅವನು ಮೆಟ್ಟಿಲಿಳಿದು ಬೊಗಸೆ ತುಂಬಿ ತಂದು ಹುಡುಗಿಯ ಮುಂದೆ ಮಂಡಿಯೂರಿದ. ಹುಡುಗಿ ಬಾಯಿಟ್ಟು ಕುಡಿಯಿತು. ಬಾಯಿಗೆ ಬಂದ ಮಾತು ರೂಢಿಯ ಮಾತೇ. “ಕುಡಿಯವ್ವಾ” ಅಂದ. ಮುಂದಿನದನ್ನು ಹೇಳಲಿಲ್ಲ. ಹುಡುಗಿ ಕುಡಿದು, ಮುಖ ಒರೆಸಿಕೊಂಡು, ಮೆಟ್ಟಿಲ ಮೇಲೆ ಕುಣಿಯುತ್ತ ಹೋಯಿತು. ಆ ಬೊಗಸೆಯ ನೀರು ಕುಡಿಯುವವರು ಆಮೇಲೆ ಎಲ್ಲಿಗೆ ಹೋಗುತ್ತಾರೆಂದು ಮೂರು ತಲೆಮಾರಿನಿಂದ ನೋಡಿದ ಮನೆ ಅದು. ಅವತ್ತು ಒಬ್ಬಳು ಮನೆಗೆ ಹೋದಳು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು. ಅವರ ಕಣ್ಣು ತೇವವಾಗಿತ್ತು. ಅದನ್ನು ಮರೆಮಾಡಲು ಅವರು ಹೋಗಲಿಲ್ಲ.

“ಆ ಹುಡುಗಿ ಯಾರು ಗೊತ್ತೇ? ದಿನಾ ನಮ್ಮ ಮಠಕ್ಕೆ ಹಾಲು ತರುವ ಅಜ್ಜಿ. ಇವತ್ತು ಬೆಳಿಗ್ಗೆ ನೀನು ಎರಡು ಲೋಟ ಕುಡಿದೆಯಲ್ಲ, ಅದು ಅವಳ ಎಮ್ಮೆಯದು. ಹಾಲು ಕರೆಯುವ ಮೊದಲು ಅವಳು ಪಡುವಣಕ್ಕೆ ತಿರುಗಿ ಕೈಮುಗಿಯುತ್ತಾಳೆ. ನಾನು ಕೇಳಿದೆ, ನೀನು ನನ್ನನ್ನು ಕೇಳಿದ ಹಾಗೇ. ಅವಳು ಇದನ್ನೆಲ್ಲ ಹೇಳಿದಳು. ಅವನ ಕೈಯಿಂದ ಬೂದಿಯ ವಾಸನೆ ಬರುತ್ತಿತ್ತು ಅಂತ ಅವಳಿಗೆ ಇನ್ನೂ ನೆನಪಿದೆ. ಮೂವತ್ತು ವರ್ಷ ಸೂರ್ಯನಿಗೆ ಕೈಮುಗಿದವನು ನಾನು. ನಾನು ಮುಗಿದರೂ ಸೂರ್ಯ ಬರುತ್ತಾನೆ, ಮುಗಿಯದಿದ್ದರೂ ಬರುತ್ತಾನೆ. ಈ ನೀರು ಹಾಗಲ್ಲ. ಮೇಲೆ ಒಬ್ಬ ಮನುಷ್ಯ ದಿನಾ ಬೆಳಿಗ್ಗೆ ಗುಂಡಿಗೆ ಬೂದಿ ಹಾಕಿದರೆ ಮಾತ್ರ ಹೀಗೆ ಬರುತ್ತದೆ. ಆ ಕಟುಕ ಈಗಿಲ್ಲ. ಅವನ ಮೊಮ್ಮಗ ಇದ್ದಾನೆ, ಗುಂಡಿಗಳೂ ಇವೆ. ನನ್ನನ್ನು ಅವನು ಕಂಡೇ ಇಲ್ಲ. ಆದರೂ ನನಗಾಗಿ ದಿನಾ ಒಂದು ಕೆಲಸ ಮಾಡುತ್ತಾನೆ. ಅದನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ.”

ಶಿಷ್ಯ ಕೇಳಿದ, “ಆದರೆ ಗುರುಗಳೇ, ಕೆಡಿಸಿದವನೂ ಅವನೇ ಅಲ್ಲವೇ?”

“ಹೌದು, ಅವನೇ. ಕೆಡಿಸಿದವರು ನನಗೆ ಬಹಳ ಮಂದಿ ಗೊತ್ತು. ತಾನೇ ಕೆಡಿಸಿದ್ದು ಅಂತ ತಿಳಿದ ದಿನವೇ ನಿಲ್ಲಿಸಿದವನು ಅವನೊಬ್ಬನೇ.”

ಶಿಷ್ಯನ ಮನಸ್ಸು ತುಂಬಿತು. ಅವನು ಎದ್ದು ನಿಂತ. “ನಾನೂ ಇನ್ನು ಆ ಕಡೆಗೇ ಕೈಮುಗಿಯುತ್ತೇನೆ ಗುರುಗಳೇ” ಎಂದು ಹೇಳಿ ಪಡುವಣಕ್ಕೆ ತಿರುಗಿ ಕೈ ಜೋಡಿಸಿದ.

ಗುರುಗಳು ಅವನನ್ನು ನೋಡುತ್ತಿರಲಿಲ್ಲ. ಅವರು ಮಠದ ಮೆಟ್ಟಿಲುಗಳ ಕೆಳಗೆ ಹೊಳೆ ಹರಿದು ಹೋಗುವ ಕಡೆ ನೋಡುತ್ತಿದ್ದರು. ಅಲ್ಲಿ ಒಂದು ಕಲ್ಲಿಗೆ ನಿನ್ನೆಯ ಎಂಜಲೆಲೆಗಳು ನಾಲ್ಕಾರು ಸಿಕ್ಕಿಕೊಂಡಿದ್ದವು. ಸುತ್ತಲಿನ ನೀರಿನ ಮೇಲೆ ಹಂಡೆ ತೊಳೆದ ಜಿಡ್ಡು ಹರಡಿತ್ತು.

“ಮುಗಿ ತಮ್ಮಾ, ಆದರೆ ನಮ್ಮ ಕೆಳಗಿನ ಊರಿನವರು ಇವತ್ತು ಬೆಳಿಗ್ಗೆ ಯಾವ ಕಡೆ ಮುಖ ಮಾಡಿ ಕೈಮುಗಿದರು, ನೋಡಿದೆಯಾ?”

ಶಿಷ್ಯ ಜೋಡಿಸಿದ ಕೈಗಳನ್ನು ಕೆಳಗಿಳಿಸಿದ. ಬುಟ್ಟಿ ಎತ್ತಿಕೊಂಡು ಆ ಕಲ್ಲಿನ ಕಡೆಗೆ ಮೆಟ್ಟಿಲಿಳಿದ.